ಹರಿದುಹೋದ ನೀರಿನ ಲೆಕ್ಕ

ಮೈಸೂರಿನಿಂದ ಪಶ್ಚಿಮಕ್ಕೆ 28 ಮೈಲಿ ದೂರದಲ್ಲಿ, ಲಕ್ಷ್ಮಣತೀರ್ಥ ನದಿಯ ದಡದ ಮೇಲಿರುವ ಹುಣಸೂರು, ಮಡಿಕೇರಿಯ ಮಾರ್ಗದಲ್ಲಿ ಅರ್ಧಗಳಿಗೆ ಬಸ್ಸು ನಿಲ್ಲುವ ಊರೆಂದೋ ಹೊಗೆಸೊಪ್ಪಿನ ಹರಾಜು ನಡೆಯುವ ಸೀಮೆಯ ಕೇಂದ್ರವೆಂದೋ ಇಂದಿನ ಪ್ರಯಾಣಿಕನಿಗೆ ತೋರಿದರೆ ಅದು ಅವನ ತಪ್ಪಲ್ಲ. ಒಂದು ಕಾಲಕ್ಕೆ ಈ ಊರು ಮದರಾಸಿನ ಸೈನ್ಯಕ್ಕೆ ತೊಗಲನ್ನೂ ಕಂಬಳಿಯನ್ನೂ ನಾಟಾವನ್ನೂ ಒದಗಿಸುತ್ತಿದ್ದ ಕರ್ಮಾಗಾರವಾಗಿತ್ತೆಂಬುದಕ್ಕೆ ಕುರುಹಾಗಿ ಈಗ ಅಲ್ಲಿ ಕಣ್ಣಿಗೆ ಬೀಳುವುದು ಅತ್ಯಲ್ಪ. ನಾನು ಇಲ್ಲಿ ಹೇಳಹೊರಟಿರುವುದು ಆ ವೈಭವದ ಕಥೆಯನ್ನಲ್ಲ. ಆ ಕರ್ಮಾಗಾರದ ಹಿಂಬಾಗಿಲಿನಿಂದ ಪ್ರತಿದಿನವೂ ಹೊರಕ್ಕೆ ಹರಿದ ನೀರಿಗೆ ಲೆಕ್ಕ ಬರೆಯುವ ಪದ್ಧತಿ ನಮ್ಮ ಸೀಮೆಯಲ್ಲಿ ಯಾವಾಗ ಹುಟ್ಟಿತು, ಹುಟ್ಟುವುದಕ್ಕೆ ಅಷ್ಟು ಕಾಲವೇಕೆ ಹಿಡಿಯಿತು, ಹುಟ್ಟಿದ ಮೇಲೂ ಆ ಲೆಕ್ಕ ನದಿಗೆ ಏಕೆ ಪೂರ್ತಿ ಉಪಕಾರಕ್ಕೆ ಬರಲಿಲ್ಲ ಎಂಬುದು ನನ್ನ ವಿಷಯ.

ಮೂಲವನ್ನು ಹುಡುಕಿದರೆ ದನಗಳ ಬಳಿಗೆ ಹೋಗಬೇಕಾಗುತ್ತದೆ. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಬೆಣ್ಣೆ ಚಾವಡಿಯೆಂಬ ಹೆಸರಿನಿಂದ ಆರಂಭವಾಗಿ, ಟಿಪ್ಪುವಿನ ಕಾಲದಲ್ಲಿ ಅಮೃತಮಹಲ್ ಎನಿಸಿಕೊಂಡ ಆ ಪ್ರಸಿದ್ಧ ಗೋಸಂಪತ್ತು, 1799ರಲ್ಲಿ ಶ್ರೀರಂಗಪಟ್ಟಣವು ಬಿದ್ದನಂತರ ಕೆಲವು ವರ್ಷ ಅನಾದರಕ್ಕೆ ಸಿಕ್ಕಿ ಕ್ಷೀಣಿಸಿದ ಮೇಲೆ, 1813ರಲ್ಲಿ ಕ್ಯಾಪ್ಟನ್ ಹಾರ್ವೆ ಎಂಬ ಅಧಿಕಾರಿಯ ವಶಕ್ಕೆ ಬಂದಿತು. ಫಿರಂಗಿಗಾಡಿಗಳನ್ನು ಎಳೆಯುವ ಎತ್ತುಗಳು ಸೈನ್ಯಕ್ಕೆ ಬೇಕಾಗಿದ್ದವು. ಎತ್ತುಗಳ ಇಲಾಖೆ ಇದ್ದೆಡೆಯಲ್ಲಿ ತೊಗಲಿನ ಕೆಲಸವೂ ಸಮೀಪದಲ್ಲಿಯೇ ನೆಲೆಗೊಳ್ಳುವುದು ಸ್ವಾಭಾವಿಕವಷ್ಟೆ. ಕಮಿಸರಿಯಟ್ ಎಂದು ಕರೆಯಲ್ಪಡುತ್ತಿದ್ದ ಸೈನ್ಯದ ಸರಬರಾಜು ಇಲಾಖೆಯವರು ಹುಣಸೂರಿನಲ್ಲಿ ಚರ್ಮ ಹದಮಾಡುವ ಕಾರ್ಖಾನೆಯೊಂದನ್ನೂ, ಉಣ್ಣೆಯ ಕಂಬಳಿಗಳ ಕಾರ್ಖಾನೆಯೊಂದನ್ನೂ, ಪಶ್ಚಿಮದ ಕಾಡುಗಳಿಂದ ಇಳಿದುಬರುವ ಮರಗಳಿಗಾಗಿ ನಾಟಾ ಅಂಗಳವೊಂದನ್ನೂ ನಡೆಸಿದರು. ಕಾಡು ಒಂದು ಕಡೆ, ದನ ಒಂದು ಕಡೆ, ಕುರಿ ಸಾಕುವ ಬಯಲುಸೀಮೆ ಮತ್ತೊಂದು ಕಡೆ. ಇವೆಲ್ಲಕ್ಕೂ ನಡುವೆ ಬ್ರಹ್ಮಗಿರಿಯ ಇರ್ಪುವಿನಿಂದ ಇಳಿದು ನಾಗರಹೊಳೆಯ ಅರಣ್ಯವನ್ನು ದಾಟಿ ಬರುವ ನದಿ. ಸ್ಥಳವನ್ನು ಆರಿಸಿದವರು ನೀರನ್ನು ಕಂಡೇ ಆರಿಸಿರಬೇಕೆಂದು ನಾನು ನಂಬುತ್ತೇನೆ. ಏಕೆಂದರೆ ತೊಗಲಿನ ಕೆಲಸವು ಆದಿಯಿಂದ ಅಂತ್ಯದವರೆಗೂ ನೀರಿನ ಕೆಲಸ.

ಅದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಉಪ್ಪು ಹಚ್ಚಿ ಒಣಗಿಸಿ ತಂದ ಹಸಿಯ ತೊಗಲನ್ನು ಮೊದಲು ನೀರಿನಲ್ಲಿ ನೆನೆಸಿ, ಅದರ ಉಪ್ಪನ್ನೂ ರಕ್ತವನ್ನೂ ಮಣ್ಣನ್ನೂ ಬಿಡಿಸುತ್ತಾರೆ. ಅನಂತರ ಸುಣ್ಣದ ಗುಂಡಿಯಲ್ಲಿ ದಿನಗಟ್ಟಲೆ ಅದ್ದಿಟ್ಟು, ಕೂದಲು ಸಡಿಲವಾದ ಮೇಲೆ ಬಾಗಿದ ಕತ್ತಿಯಿಂದ ಒಂದು ಮಗ್ಗುಲಿನ ಕೂದಲನ್ನೂ ಮತ್ತೊಂದು ಮಗ್ಗುಲಿನ ಮಾಂಸವನ್ನೂ ಹೆರೆದು, ಮತ್ತೆ ತೊಳೆದು ಸುಣ್ಣವನ್ನು ತೆಗೆಯುತ್ತಾರೆ. ಆಮೇಲೆ ಬರುವುದು ನಮ್ಮ ಬಯಲುಸೀಮೆಯಲ್ಲಿ ಹಳದಿ ಹೂ ಬಿಟ್ಟು ದಾರಿಯ ಮಗ್ಗುಲಲ್ಲೆಲ್ಲ ನಿಲ್ಲುವ ತಂಗಡಿ ಗಿಡದ ತೊಗಟೆಯ ಕಷಾಯ. ಕೊನೆಗೆ ಅಳಲೆಕಾಯಿಯ ನೀರು. ಈ ಒಂದೊಂದು ಮಜಲಿನಲ್ಲಿಯೂ ಹೊಸ ನೀರು ಒಳಕ್ಕೆ ಹೋಗುತ್ತದೆ, ಹಳೆಯ ನೀರು ಹೊರಕ್ಕೆ ಬರುತ್ತದೆ. ಇಂದಿನ ಹದಗಾರಿಕೆಯ ಲೆಕ್ಕದಂತೆ ಒಂದು ಕಿಲೋ ಹಸಿತೊಗಲಿಗೆ 30ರಿಂದ 40 ಲೀಟರು ನೀರು ಬೇಕು. ಸುಣ್ಣದ ಗುಂಡಿಯ ನೀರು ಬೆಳ್ಳಗೆ ಮಂದವಾಗಿ, ಕೂದಲು ಮಾಂಸಗಳ ಚೂರುಗಳಿಂದ ತುಂಬಿ, ಕೊಳೆತ ಮೊಟ್ಟೆಯ ನಾತವನ್ನು ಬಿಡುತ್ತ ಹರಿಯುತ್ತದೆ. ತೊಗಟೆಯ ಗುಂಡಿಯ ನೀರು ಕಗ್ಗಂದು ಬಣ್ಣದ್ದು. ಕಂಬಳಿಯ ಕಾರ್ಖಾನೆಯ ಪಾಲು ಬೇರೆ: ಕುರಿಯ ಉಣ್ಣೆಯಲ್ಲಿರುವ ಜಿಡ್ಡನ್ನು ತೊಳೆಯದೆ ನೂಲಿಗೆ ಬಣ್ಣ ಹತ್ತುವುದಿಲ್ಲ, ಹಾಗೆ ತೊಳೆದ ಜಿಡ್ಡು ಎಲ್ಲಿಗಾದರೂ ಹೋಗಲೇಬೇಕು. ಇಳಿಜಾರು ಇದ್ದುದು ನದಿಯ ಕಡೆಗೆ.

ಈಸ್ಟ್ ಇಂಡಿಯಾ ಕಂಪನಿಯವರು ಲೆಕ್ಕದಲ್ಲಿ ನಿಷ್ಣಾತರು. ಎಷ್ಟು ತೊಗಲು ಬಂತು, ಎಷ್ಟು ಹದವಾಯಿತು, ಎಷ್ಟು ಕಂಬಳಿ ಯಾವ ದಂಡಿಗೆ ಹೋಯಿತು, ಎಷ್ಟು ಎತ್ತು ಸತ್ತಿತು ಎಂಬುದನ್ನು ಬರೆದಿಡದ ಸರಬರಾಜು ಇಲಾಖೆಯನ್ನು ಊಹಿಸುವುದೂ ಕಷ್ಟ. ಆದರೆ ನೀರಿಗೆ ಬೆಲೆಯಿರಲಿಲ್ಲವಾದ್ದರಿಂದ ನೀರಿಗೆ ಕಲಮೂ ಇರಲಿಲ್ಲ. ಗುಂಡಿಯಲ್ಲಿ ಮೊಣಕಾಲುದ್ದ ನಿಂತು ತೊಗಲನ್ನು ಮಗುಚಿದವರ ಕೈಕಾಲುಗಳನ್ನು ಸುಣ್ಣ ತಿಂದಿತು; ಆ ನಾತವನ್ನು ಸಮಾಜವು ಅವರ ಜಾತಿಗೆ ಅಂಟಿಸಿ, ಅವರ ಕೇರಿಯನ್ನು ಊರಾಚೆಗೆ ಇಟ್ಟು, ಅವರು ಮಾಡಿದ ಜೋಡನ್ನು ಮಾತ್ರ ಊರೊಳಗೆ ಬರಮಾಡಿಕೊಂಡಿತು. ಕಾರ್ಖಾನೆಯ ಕಲ್ಮಷವನ್ನು ಕಾರ್ಖಾನೆಯ ಹೊಣೆಯೆಂದು ಎಣಿಸದೆ ದುಡಿಯುವವನ ಮೈಲಿಗೆಯೆಂದು ಎಣಿಸಿದ ಈ ಅನ್ಯಾಯವೇ, ನೀರಿನ ಲೆಕ್ಕವು ಇಷ್ಟು ತಡವಾಗಿ ಹುಟ್ಟಿದುದಕ್ಕೆ ಇರುವ ಕಾರಣಗಳಲ್ಲಿ ಬಹು ದೊಡ್ಡದೆಂದು ನನ್ನ ದೃಢವಾದ ಅಭಿಪ್ರಾಯ.

1864ರ ಸುಮಾರಿಗೆ ಸರ್ಕಾರವು ಹುಣಸೂರಿನ ಈ ಕಾರ್ಖಾನೆಗಳನ್ನು ನಿಲ್ಲಿಸಿತು. ಕೆಲಸಗಾರರು ಊರನ್ನು ಬಿಡಲಿಲ್ಲ. ಹುಣಸೂರಿನ ಚರ್ಮದ ಸಾಮಾನು ಮತ್ತು ಕಂಬಳಿಗಳಿಗೆ ಅನಂತರವೂ ಒಳ್ಳೆಯ ಹೆಸರಿತ್ತೆಂಬುದನ್ನು ಮೈಸೂರು ಗ್ಯಾಸೆಟಿಯರನ್ನು ಬರೆದವರು ಮರೆಯದೆ ಹೇಳಿದ್ದಾರೆ. ಕೊಡಗಿನಿಂದ ಬರುವ ಕಾಫಿಯನ್ನು ಹಸನುಮಾಡುವ ಕಾರ್ಖಾನೆಗಳೂ ಆಮೇಲೆ ಇಲ್ಲಿ ಎದ್ದವು. ಆ ಕೆಲಸ ಬಹುಮಟ್ಟಿಗೆ ಒಣಕೆಲಸ. ಆದರೆ ಹಣ್ಣಿನ ತಿರುಳನ್ನು ಬಿಡಿಸಿ ಬೀಜವನ್ನು ಹುದುಗೆಬ್ಬಿಸಿ ತೊಳೆಯುವ ಹಸಿಕೆಲಸವು ನದಿಯ ಮೇಲ್ಗಡೆ, ಕೊಡಗಿನ ತೋಟಗಳಲ್ಲಿ ನಡೆಯತಕ್ಕದ್ದು. ಮಳೆಗಾಲ ಮುಗಿದು ಹೊಳೆ ಇಳಿಯತೊಡಗುವ ತಿಂಗಳುಗಳಲ್ಲಿಯೇ ಅದು ನಡೆಯುತ್ತದೆಂಬುದನ್ನು ಓದುಗರು ನೆನಪಿಟ್ಟುಕೊಳ್ಳಬೇಕೆಂದು ಬೇಡುತ್ತೇನೆ.

ಹಾಗಾದರೆ ಕಾನೂನು ಎಂಬುದು ಇರಲೇ ಇಲ್ಲವೆ? ಇತ್ತು, ಬಹು ಪುರಾತನವಾದುದೂ ಇತ್ತು. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ, ಬೀದಿಯಲ್ಲಿ ಕಸ ಚೆಲ್ಲಿದವನಿಗೆ ಒಂದು ಪಣದ ಎಂಟನೆಯ ಒಂದು ಭಾಗ ದಂಡವೆಂದೂ, ಕೆಸರುನೀರನ್ನು ನಿಲ್ಲಿಸಿ ದಾರಿ ಕೆಡಿಸಿದವನಿಗೆ ಕಾಲು ಪಣವೆಂದೂ, ರಾಜಮಾರ್ಗದಲ್ಲಿ ಹಾಗೆ ಮಾಡಿದರೆ ಇಮ್ಮಡಿಯೆಂದೂ ವಿಧಿಯಿದೆ. ಶತಮಾನಗಳ ಕಾಲ ಲೋಕದ ಕಣ್ಣಿಗೆ ಮರೆಯಾಗಿದ್ದ ಆ ಗ್ರಂಥವನ್ನು 1905ರಲ್ಲಿ ಆರ್. ಶಾಮಶಾಸ್ತ್ರಿಗಳು ಗುರುತಿಸಿ, 1909ರಲ್ಲಿ ಅಚ್ಚು ಮಾಡಿಸಿದುದು ಮೈಸೂರಿನ ಪ್ರಾಚ್ಯ ಕೋಶಾಗಾರದಿಂದ, ಅಂದರೆ ಹುಣಸೂರಿನಿಂದ ಒಂದು ದಿನದ ಗಾಡಿಪ್ರಯಾಣದ ದೂರದಲ್ಲಿ, ಎಂಬುದನ್ನು ನೆನೆದಾಗಲೆಲ್ಲ ನನಗೆ ಒಂದು ಬಗೆಯ ವಿಸ್ಮಯವಾಗುತ್ತದೆ. ಹೊಸ ಕಾಲದ ಕಾನೂನಾದರೋ, 2024ರವರೆಗೆ ಜಾರಿಯಲ್ಲಿದ್ದ 1860ರ ಭಾರತ ದಂಡ ಸಂಹಿತೆ. ಅದರ 277ನೆಯ ಕಲಮಿನ ಪ್ರಕಾರ ಸಾರ್ವಜನಿಕ ಚಿಲುಮೆಯ ಅಥವಾ ಜಲಾಶಯದ ನೀರನ್ನು ಕೆಡಿಸಿದವನಿಗೆ ಮೂರು ತಿಂಗಳ ಸೆರೆ ಅಥವಾ 500 ರೂಪಾಯಿಯವರೆಗೆ ದಂಡ, ಇಲ್ಲವೆ ಎರಡನ್ನೂ ವಿಧಿಸಬಹುದಾಗಿತ್ತು. ಆದರೆ ನಿರಂತರವಾಗಿ ಹರಿಯುವ ನದಿಯು ಚಿಲುಮೆಯೂ ಅಲ್ಲ, ಜಲಾಶಯವೂ ಅಲ್ಲವೆಂದು ಮದರಾಸಿನ ಉಚ್ಚ ನ್ಯಾಯಾಲಯವು ಆ ಶತಮಾನದಲ್ಲಿಯೇ ಅರ್ಥಮಾಡಿತು. ಬಾವಿಗೆ ಕಾನೂನಿನ ಆಶ್ರಯ ದೊರೆಯಿತು, ಹೊಳೆ ಅನಾಥವಾಯಿತು.

ಹೊಳೆಗೆ ಅಳತೆಗೋಲನ್ನು ಮೊದಲು ಹಿಡಿದವರು ಇಂಗ್ಲೆಂಡಿನವರು, ಅದೂ ತಮ್ಮ ನದಿಗಳು ಸತ್ತ ಮೇಲೆ. 1858ರ ಬೇಸಗೆಯಲ್ಲಿ ಥೇಮ್ಸ್ ನದಿಯ ದುರ್ಗಂಧದಿಂದ ಪಾರ್ಲಿಮೆಂಟಿನವರೇ ಮೂಗು ಮುಚ್ಚಿಕೊಂಡು ಏಳಬೇಕಾಯಿತು. 1876ರಲ್ಲಿ ನದೀಮಾಲಿನ್ಯ ತಡೆಯುವ ಕಾಯಿದೆ ಬಂದಿತು. 1898ರಲ್ಲಿ ಕೊಳಚೆನೀರಿನ ವಿಲೇವಾರಿಯನ್ನು ವಿಚಾರಿಸಲು ನೇಮಕವಾದ ರಾಯಲ್ ಆಯೋಗವು 1912ರ ತನ್ನ ಎಂಟನೆಯ ವರದಿಯಲ್ಲಿ ಒಂದು ಮಾನದಂಡವನ್ನು ಗೊತ್ತುಮಾಡಿತು. ನೀರಿನಲ್ಲಿ ತೇಲುವ ಘನಪದಾರ್ಥವು ಲೀಟರಿಗೆ 30 ಮಿಲಿಗ್ರಾಮನ್ನು ಮೀರಬಾರದು. ಐದು ದಿನದಲ್ಲಿ ಆ ನೀರು ಹೀರುವ ಆಮ್ಲಜನಕವು 20 ಮಿಲಿಗ್ರಾಮನ್ನು ಮೀರಬಾರದು. ಈ ಎರಡನೆಯದನ್ನೇ ಈಗ ಜೈವಿಕ ಆಮ್ಲಜನಕ ಬೇಡಿಕೆ ಎನ್ನುತ್ತಾರೆ: ಕಲ್ಮಷವನ್ನು ತಿಂದು ಕರಗಿಸುವ ಸೂಕ್ಷ್ಮಜೀವಿಗಳು ಆ ಕೆಲಸಕ್ಕಾಗಿ ನೀರಿನ ಉಸಿರನ್ನು ಎಷ್ಟು ಕುಡಿದುಬಿಡುತ್ತವೆ ಎಂಬುದರ ಅಳತೆ ಅದು. ಐದು ದಿನವೇ ಏಕೆಂದರೆ, ಬ್ರಿಟನ್ನಿನ ಯಾವ ನದಿಯ ನೀರೂ ಅಷ್ಟರೊಳಗೆ ಸಮುದ್ರವನ್ನು ಸೇರಿಬಿಡುತ್ತದೆಂಬ ಎಣಿಕೆಯಿಂದ ಎಂದು ಹೇಳುವ ವಾಡಿಕೆಯುಂಟು. ನಮ್ಮ ಉಷ್ಣದೇಶದಲ್ಲಿ ಈಗ 27 ಡಿಗ್ರಿಯ ಶಾಖದಲ್ಲಿ ಮೂರು ದಿನ ಇಟ್ಟು ನೋಡುತ್ತಾರೆ.

ಆ ಆಯೋಗದವರ ಮಾನದಂಡಕ್ಕೆ ಒಂದು ಷರತ್ತಿತ್ತು. ಅದನ್ನು ಜನ ಮರೆತುಬಿಡುತ್ತಾರೆ. ಒಂದು ಪಾಲು ಕೊಳಚೆಗೆ ಎಂಟು ಪಾಲು ಶುದ್ಧವಾದ ನದಿಯ ನೀರು ಬೆರೆಯುವಂತಿದ್ದರೆ ಮಾತ್ರ ಆ ಸಂಖ್ಯೆ ಸಾಲುವುದೆಂದು ಅವರೇ ಹೇಳಿದ್ದರು. ಹುಣಸೂರಿನ ಸೇತುವೆಯ ಮೇಲೆ ಚೈತ್ರ ವೈಶಾಖಗಳಲ್ಲಿ ನಿಂತು ನೋಡಿದವರಿಗೆ, ಹನಗೋಡಿನ ಅಣೆಕಟ್ಟು ತನ್ನ ನಾಲೆಗಳಿಗೆ ತೆಗೆದುಕೊಂಡು ಉಳಿಸಿದ ಆ ಸಣ್ಣ ಧಾರೆಯನ್ನು ಕಂಡವರಿಗೆ, ಎಂಟು ಪಾಲು ಶುದ್ಧಜಲವನ್ನು ಎಲ್ಲಿಂದ ತರುವುದೆಂಬ ಪ್ರಶ್ನೆ ತಾನಾಗಿ ಏಳುತ್ತದೆ. ಮುಂಗಾರಿನಲ್ಲಿ ದಡ ಮೀರಿ ಹರಿಯುವ ಲಕ್ಷ್ಮಣತೀರ್ಥ ಬೇಸಗೆಯಲ್ಲಿ ಊರಿನ ಚರಂಡಿಯ ಮುಂದೆ ಬಡವಾಗಿಬಿಡುತ್ತದೆ.

1937ರಲ್ಲಿ ಇಂಗ್ಲೆಂಡಿನವರು ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಕಾರ್ಖಾನೆಯ ನೀರನ್ನು ಸಾರ್ವಜನಿಕ ಒಳಚರಂಡಿಗೆ ಬಿಡಬೇಕೆನ್ನುವವನು ಆ ನೀರಿನ ಸ್ವರೂಪವೇನು, ದಿನಕ್ಕೆ ಎಷ್ಟು, ಯಾವ ವೇಗದಲ್ಲಿ ಬಿಡುತ್ತೇನೆ ಎಂಬುದನ್ನು ಸ್ಥಳೀಯ ಸಂಸ್ಥೆಗೆ ಮುಂಚಿತವಾಗಿ ಬರೆದು ತಿಳಿಸತಕ್ಕದ್ದೆಂದು ವಿಧಿಸಿದರು. ನನ್ನ ಕಥೆಗೆ ಇದೇ ಮುಖ್ಯವಾದ ತಿರುವು. ಏಕೆಂದರೆ ಅಲ್ಲಿಯವರೆಗೆ ನಾತ ಬಂದ ಮೇಲೆ ದೂರು ಕೊಡುವವನು ಕೆಳಗಿನ ಊರಿನವನಾಗಿದ್ದ. ಇನ್ನುಮೇಲೆ ಬಾಯಿ ಬಿಟ್ಟು ಹೇಳಬೇಕಾದವನು ನೀರು ಬಿಡುವವನೇ ಎಂದಾಯಿತು.

ಹುಣಸೂರು, ಕೃಷ್ಣರಾಜನಗರ, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆ ಎಂಬ ನಮ್ಮ ನಾಲ್ಕು ತಾಲ್ಲೂಕುಗಳ ಕಡೆಗೆ ಮರಳೋಣ. ಕಾವೇರಿಯ ದಡದ ಯಡತೊರೆ 1924ರ ಮಹಾಪ್ರವಾಹದಲ್ಲಿ ನೊಂದ ಬಳಿಕ, ನಾಲ್ವಡಿ ಕೃಷ್ಣರಾಜ ಒಡೆಯರ ಹೆಸರಿನಲ್ಲಿ ಎತ್ತರದ ನೆಲದ ಮೇಲೆ ಕೃಷ್ಣರಾಜನಗರವೆಂಬ ಹೊಸ ಊರು ನಿರ್ಮಾಣವಾಯಿತು. ನೀರಿಗೆ ಹೆದರಿ ಮೇಲೇರಿದ ಊರಾದರೂ ಅದರ ನೆಲವೆಲ್ಲ ಇಳಿಯುವುದು ಅದೇ ಕಾವೇರಿಯ ಕಡೆಗೆ. ಭತ್ತದ ಕಣಜವೆಂದು ಕೀರ್ತಿವೆತ್ತ ಆ ಸೀಮೆಯಲ್ಲಿ ಅಕ್ಕಿ ಗಿರಣಿಗಳು ಹುಟ್ಟಿದವು, ಚುಂಚನಕಟ್ಟೆಯಲ್ಲಿ ಸಹಕಾರಿ ಸಕ್ಕರೆ ಕಾರ್ಖಾನೆಯೂ ಹುಟ್ಟಿತು. ಭತ್ತ ನೆನೆಸಿ ಬೇಯಿಸಿದ ನೀರಾಗಲಿ ಕಬ್ಬಿನ ಸಿಹಿ ಬೆರೆತ ತೊಳೆನೀರಾಗಲಿ ವಿಷವಲ್ಲದಿದ್ದರೂ, ನದಿಯ ಉಸಿರನ್ನು ಹೀರುವುದರಲ್ಲಿ ಮನುಷ್ಯನ ಮಲಕ್ಕಿಂತ ಹಿಂದೆ ಬೀಳುವಂಥವಲ್ಲ. ಪಿರಿಯಾಪಟ್ಟಣದ ಮುಖ್ಯವಾದ ಬೆಳೆ ಹೊಗೆಸೊಪ್ಪು. ಅದನ್ನು ಹದಮಾಡುವ ಬ್ಯಾರನ್ನುಗಳು ಸೌದೆಯನ್ನು ತಿನ್ನುತ್ತವೆಯೇ ಹೊರತು ನೀರನ್ನಲ್ಲ, ಆದ್ದರಿಂದ ಆ ಊರಿನ ಸಾಲ ಕಾಡಿಗೆ ಸಂಬಂಧಿಸಿದ್ದು. ಹೆಗ್ಗಡದೇವನಕೋಟೆಯ ಕಪಿಲೆ, ಅಂದರೆ ಕಬಿನಿಯಾದರೋ, ಪುನ್ನಾಟ ರಾಜ್ಯದ ರಾಜಧಾನಿಯಾಗಿದ್ದ ಕಿತ್ತೂರನ್ನು ತನ್ನ ಜಲಾಶಯದೊಳಗೆ ಅಡಗಿಸಿಕೊಂಡಿದ್ದಾಳೆ. ಆ ಕಬಿನಿ ಅಣೆಕಟ್ಟು ಮುಗಿದದ್ದು 1974ರಲ್ಲಿ.

ಆ ವರ್ಷವನ್ನು ನಾನು ಬೇಕೆಂದೇ ಒತ್ತಿ ಹೇಳುತ್ತಿದ್ದೇನೆ. ನೀರು ರಾಜ್ಯಗಳಿಗೆ ಸೇರಿದ ವಿಷಯವಾದುದರಿಂದ, ಅದರ ಮಾಲಿನ್ಯವನ್ನು ಕುರಿತು ಕೇಂದ್ರವು ಶಾಸನ ಮಾಡಬೇಕಾದರೆ ರಾಜ್ಯಗಳ ವಿಧಾನಮಂಡಲಗಳು ತಾವಾಗಿ ನಿರ್ಣಯ ಮಾಡಿ ಕೇಳಿಕೊಳ್ಳಬೇಕಾಗಿತ್ತು. ಹಾಗೆ ಮೊದಲೇ ಕೇಳಿಕೊಂಡ 12 ರಾಜ್ಯಗಳಲ್ಲಿ ಕರ್ನಾಟಕವೂ ಒಂದೆಂಬುದು ನಮಗೆ ಹೆಮ್ಮೆಯ ಸಂಗತಿ. ಜಲಮಾಲಿನ್ಯ ನಿವಾರಣೆ ಮತ್ತು ನಿಯಂತ್ರಣ ಕಾಯಿದೆಯು 1974ರ ಮಾರ್ಚಿ 23ರಂದು ಜಾರಿಗೆ ಬಂದಿತು. ಅದೇ ವರ್ಷದ ಸೆಪ್ಟೆಂಬರ್ 21ರಂದು ಆ ಕಾಯಿದೆಯಂತೆ ಕರ್ನಾಟಕದ ಮಾಲಿನ್ಯ ನಿಯಂತ್ರಣ ಮಂಡಳಿಯು ರಚಿತವಾಯಿತು. ಆಗ ರಾಜ್ಯದ ಮುಖ್ಯಮಂತ್ರಿಗಳಾಗಿದ್ದವರು ಡಿ. ದೇವರಾಜ ಅರಸರು, ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯವರು, ಲಕ್ಷ್ಮಣತೀರ್ಥದ ಸೀಮೆಯ ಮಗ. ಅದೇ ಕಾಲದಲ್ಲಿ ಅವರ ಸಂಪುಟದ ಬಿ. ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರಿಸುವ ಹೀನಪದ್ಧತಿಯನ್ನು ನಿಲ್ಲಿಸಿದರು. ಊರಿನ ಕೊಳಕನ್ನು ಇನ್ನೊಬ್ಬನ ತಲೆಗೆ ಕಟ್ಟುವುದನ್ನು ನಿಲ್ಲಿಸಿದ ಆ ಆಜ್ಞೆಯೂ, ಕಾರ್ಖಾನೆಯ ಕೊಳಕನ್ನು ನದಿಯ ತಲೆಗೆ ಕಟ್ಟಬಾರದೆಂದ ಆ ಕಾಯಿದೆಯೂ ಒಂದೇ ಮನೋಧರ್ಮದಿಂದ ಹುಟ್ಟಿದವೆಂದೇ ನಾನು ತಿಳಿದಿದ್ದೇನೆ.

ಕಾಯಿದೆಯ ಒಳಗನ್ನು ಓದಿದವರು ಕಡಮೆ. ಅದರ 21ನೆಯ ಕಲಮು, ನೀರಿನ ಮಾದರಿಯನ್ನು ತೆಗೆಯುವ ವಿಧಿ, ಒಂದು ವೈದಿಕ ಕರ್ಮದಷ್ಟು ನಿಷ್ಠೆಯಿಂದ ಬರೆಯಲ್ಪಟ್ಟಿದೆ. ಮಂಡಳಿಯ ಅಧಿಕಾರಿಯು ಮೊದಲು ಕಾರ್ಖಾನೆಯವನಿಗೆ ಪರೀಕ್ಷೆಯ ಉದ್ದೇಶವನ್ನು ತಿಳಿಸಿ ಆಗಲೇ ನೋಟೀಸು ಕೊಡಬೇಕು. ಅವನ ಎದುರಿನಲ್ಲಿಯೇ ಮಾದರಿಯನ್ನು ಎರಡು ಪಾಲು ಮಾಡಬೇಕು. ಎರಡನ್ನೂ ಪಾತ್ರೆಗಳಲ್ಲಿ ತುಂಬಿ, ಗುರುತು ಹಾಕಿ, ಮೊಹರು ಒತ್ತಿ, ಇಬ್ಬರೂ ಸಹಿ ಮಾಡಬೇಕು. ಒಂದು ಪಾಲು ಮಂಡಳಿಯ ಪ್ರಯೋಗಾಲಯಕ್ಕೆ ಹೋಗುವುದು, ಕಾರ್ಖಾನೆಯವನು ಕೇಳಿದರೆ ಇನ್ನೊಂದು ಪಾಲು ಬೇರೆ ಪ್ರಯೋಗಾಲಯಕ್ಕೆ. ಅವನು ಬೇಕೆಂದೇ ಮರೆಯಾದರೆ ಅಧಿಕಾರಿಯೊಬ್ಬನೇ ಸಹಿ ಮಾಡಿ ಕಳುಹಿಸಬಹುದು. ಈ ಕ್ರಮದಲ್ಲಿ ಒಂದು ತಪ್ಪಿದರೂ ಆ ನೀರು ನ್ಯಾಯಾಲಯದಲ್ಲಿ ಸಾಕ್ಷಿ ಹೇಳಲಾರದು. ಬಾಟಲಿಯಲ್ಲಿ ಹಿಡಿದ ಒಂದು ಲೋಟ ನೀರಿಗೆ ಮನುಷ್ಯಸಾಕ್ಷಿಯ ಗೌರವವನ್ನು ಕೊಟ್ಟ ಈ ವಿಧಿಯನ್ನು ನಾನು ಓದಿದಾಗ, ಹುಣಸೂರಿನ ಗುಂಡಿಗಳಿಂದ ಸಾಕ್ಷಿಯಿಲ್ಲದೆ ಹರಿದುಹೋದ ನೀರಿನ ನೆನಪಾಯಿತು. ಕಾಯಿದೆಯ ಆಸರೆಯಿದ್ದಲ್ಲಿ ನ್ಯಾಯಾಲಯಗಳು ಹಿಂದೆಗೆಯಲಿಲ್ಲವೆಂಬುದಕ್ಕೆ ಕಾನಪುರದ ಹದಗಾರಿಕೆಗಳ ಮೊಕದ್ದಮೆಯೇ ನಿದರ್ಶನ: 1987ರ ಸೆಪ್ಟೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯದ ಪರವಾಗಿ ತೀರ್ಪು ಬರೆದ ನ್ಯಾಯಮೂರ್ತಿ ಇ. ಎಸ್. ವೆಂಕಟರಾಮಯ್ಯನವರು, ಮಂಡ್ಯ ಜಿಲ್ಲೆಯ ನಮ್ಮವರು, ಕನಿಷ್ಠ ಕೂಲಿಯನ್ನು ಕೊಡಲಾರದ ಉದ್ಯಮಕ್ಕೆ ಹೇಗೆ ಬದುಕುವ ಹಕ್ಕಿಲ್ಲವೋ ಹಾಗೆಯೇ ನೀರಿನ ಪ್ರಾಥಮಿಕ ಶುದ್ಧಿಯನ್ನೂ ಮಾಡಲಾರದ ಹದಗಾರಿಕೆಗೆ ನಡೆಯುವ ಹಕ್ಕಿಲ್ಲವೆಂದು ಹೇಳಿ, ಅಂಥವನ್ನು ಮುಚ್ಚಿಸಿದರು.

ಇನ್ನು ಮಾನದಂಡದ ವಿಚಾರ. ಕಾರ್ಖಾನೆಯ ನೀರನ್ನು ಸಾರ್ವಜನಿಕ ಒಳಚರಂಡಿಗೆ ಬಿಡುವ ಮಿತಿಗಳನ್ನು ಭಾರತೀಯ ಮಾನಕ ಸಂಸ್ಥೆಯವರು 1965ರಲ್ಲಿಯೇ ಪ್ರಕಟಿಸಿದ್ದರು. ಆದರೆ ಅದು ಉಪದೇಶ ಮಾತ್ರವಾಗಿತ್ತು, ಪಾಲಿಸದವನನ್ನು ಕೇಳುವವರಿರಲಿಲ್ಲ. 1986ರ ಪರಿಸರ ಸಂರಕ್ಷಣಾ ಕಾಯಿದೆಯ ನಿಯಮಗಳ ಆರನೆಯ ಅನುಸೂಚಿಯಲ್ಲಿ ಅವು ಬಲವನ್ನು ಪಡೆದವು. ಅಲ್ಲಿ ಅಕ್ಕಪಕ್ಕದಲ್ಲಿ ಎರಡು ಅಂಕಣಗಳಿವೆ. ನದಿ ಕೆರೆಗಳಿಗೆ ಬಿಡುವ ನೀರಿನ ಆಮ್ಲಜನಕ ಬೇಡಿಕೆ ಲೀಟರಿಗೆ 30 ಮಿಲಿಗ್ರಾಮನ್ನು ಮೀರಬಾರದು, ಒಳಚರಂಡಿಗೆ ಬಿಡುವುದಾದರೆ 350ರವರೆಗೆ ಇರಬಹುದು. ತೇಲುವ ಘನಪದಾರ್ಥ ನದಿಗೆ 100, ಚರಂಡಿಗೆ 600. ಎಣ್ಣೆ ಜಿಡ್ಡು ನದಿಗೆ 10, ಚರಂಡಿಗೆ 20. ಕ್ರೋಮಿಯಂ ಮೊದಲಾದ ಲೋಹಗಳಿಗೆ ಮಾತ್ರ ಚರಂಡಿಯಲ್ಲಿಯೂ ಬಿಗಿ. ಇದರ ತರ್ಕ ಸರಿಯಾದುದೇ: ಕೊಳೆಯುವ ವಸ್ತುವನ್ನು ಊರಿನ ಶುದ್ಧೀಕರಣ ಘಟಕದ ಸೂಕ್ಷ್ಮಜೀವಿಗಳು ತಿಂದು ಮುಗಿಸುತ್ತವೆ, ಲೋಹವಾದರೋ ಆ ಜೀವಿಗಳನ್ನೇ ಕೊಲ್ಲುತ್ತದೆ. ಆದರೆ ಈ ಉದಾರತೆಯೆಲ್ಲವೂ ಚರಂಡಿಯ ತುದಿಯಲ್ಲಿ ಒಂದು ಘಟಕವಿದೆ, ಅದು ನಡೆಯುತ್ತಿದೆ ಎಂಬ ನಂಬಿಕೆಯ ಮೇಲೆ ನಿಂತಿದೆಯಷ್ಟೆ. ಆದಕಾರಣ ನಿಯಮವನ್ನು ಬರೆದವರು ಅದರ ಕೆಳಗೆ ಒಂದು ಸಣ್ಣ ಟಿಪ್ಪಣಿಯನ್ನು ಸೇರಿಸಿದರು: ಒಳಚರಂಡಿಯು ಜೈವಿಕ ಶುದ್ಧೀಕರಣವನ್ನೊಳಗೊಂಡ ಘಟಕಕ್ಕೆ ಹೋಗಿ ಸೇರಿದರೆ ಮಾತ್ರ ಒಳಚರಂಡಿಯ ಮಾನದಂಡ ಅನ್ವಯಿಸುತ್ತದೆ, ಇಲ್ಲವಾದರೆ ಚರಂಡಿಗೆ ಬಿಟ್ಟ ನೀರನ್ನು ನದಿಗೆ ಬಿಟ್ಟ ನೀರೆಂದೇ ಎಣಿಸತಕ್ಕದ್ದು.

ನಮ್ಮ ಸಣ್ಣ ಊರುಗಳ ಪಾಲಿಗೆ ಇಡೀ ಕಾನೂನಿನ ಜೀವಾಳ ಈ ಟಿಪ್ಪಣಿಯಲ್ಲಿದೆ. ಕಾಯಿದೆಯಾದಾಗ ದೊಡ್ಡ ನಗರದ ದೊಡ್ಡ ಕಾರ್ಖಾನೆಯನ್ನು ಕಣ್ಣೆದುರಿಗಿಟ್ಟುಕೊಂಡಿದ್ದರು. ಹುಣಸೂರು, ಪಿರಿಯಾಪಟ್ಟಣಗಳಂಥ ಊರುಗಳಲ್ಲಿ ಉದ್ದಿಮೆಯ ನೀರೆಂದರೆ ಗಿರಣಿಯದು, ಹೋಟೆಲಿನದು, ಕಲ್ಯಾಣಮಂಟಪದ ಅಡಿಗೆಮನೆಯದು, ಮೋಟಾರು ತೊಳೆಯುವ ಷೆಡ್ಡಿನದು, ಕಸಾಯಿಖಾನೆಯದು. ಒಂದೊಂದೂ ಅಲ್ಪ, ಎಲ್ಲವೂ ಸೇರಿ ಬೀದಿಯ ಮೋರಿಗೆ ಇಳಿದು, ಮೋರಿಯು ಘಟಕವನ್ನು ಕಾಣದೆ ಹಳ್ಳಕ್ಕೆ, ಹಳ್ಳವು ಹೊಳೆಗೆ ಇಳಿಯುವಲ್ಲಿ, ಅಂಗಡಿಯವನು ಚರಂಡಿಗೆ ಬಿಟ್ಟೆನೆಂದು ಸಮಾಧಾನಪಟ್ಟುಕೊಳ್ಳುವಂತಿಲ್ಲ. ಕಾನೂನಿನ ಕಣ್ಣಿನಲ್ಲಿ ಅವನು ಲಕ್ಷ್ಮಣತೀರ್ಥಕ್ಕೇ ಬಿಟ್ಟಿದ್ದಾನೆ. ಅವನಿಗೆ ಅನ್ವಯಿಸುವುದು 30, 350 ಅಲ್ಲ.

ಒಂದು ಕೊರತೆಯನ್ನೂ ಹೇಳದೆ ಮುಂದೆ ಹೋಗಲಾರೆ. ಸುಣ್ಣದ ಗುಂಡಿಯ ನೀರಿನಲ್ಲಿ ಇರುವ ಸಲ್ಫೈಡು ಹುಳಿನೀರಿನೊಡನೆ ಬೆರೆತರೆ ವಿಷಾನಿಲವಾಗಿ ಏಳುತ್ತದೆ. ಮುಚ್ಚಿದ ಒಳಚರಂಡಿಯಲ್ಲಿ ಅದು ತುಂಬಿಕೊಂಡಾಗ ಮ್ಯಾನ್‌ಹೋಲಿಗೆ ಇಳಿದವನು ಮೇಲಕ್ಕೆ ಬರುವುದಿಲ್ಲ. ಆ ಅನುಸೂಚಿಯಲ್ಲಿ ನದಿಗೆ ಬಿಡುವ ನೀರಿನ ಸಲ್ಫೈಡಿಗೆ 2 ಮಿಲಿಗ್ರಾಮಿನ ಮಿತಿಯಿದೆ, ಒಳಚರಂಡಿಯ ಅಂಕಣ ಬರಿದಾಗಿದೆ. ರಕ್ಷಣೆಯ ಸಲಕರಣೆಗಳಿಲ್ಲದೆ ಮನುಷ್ಯನನ್ನು ಒಳಚರಂಡಿಗೆ ಇಳಿಸುವುದನ್ನು 2013ರ ಕಾಯಿದೆ ನಿಷೇಧಿಸಿದೆ. ಆದರೂ ನಮ್ಮ ರಾಜ್ಯದ ಊರುಗಳಿಂದ ಅಂಥ ಸಾವಿನ ಸುದ್ದಿ ಬರುವುದು ನಿಂತಿಲ್ಲ. ನದಿಯ ಮೀನಿಗೆ ಕೊಟ್ಟ ಆಶ್ರಯವನ್ನು ಆ ಬಡವನಿಗೂ ಕೊಡಬೇಕಾಗಿತ್ತು.

ಲೆಕ್ಕವನ್ನು ಬಿಡುವವನೇ ಬರೆಯಬೇಕೆಂಬ ತತ್ತ್ವ ನಮ್ಮಲ್ಲಿ ಮೊದಲು ಬಂದದ್ದು ತೆರಿಗೆಯ ರೂಪದಲ್ಲಿ. 1977ರ ಜಲಕರದ ಕಾಯಿದೆಯು, ಉದ್ಯಮದವರು ನೀರಿನ ಮೀಟರನ್ನು ಇಟ್ಟು, ಎಷ್ಟು ನೀರನ್ನು ಯಾವ ಕೆಲಸಕ್ಕೆ ಬಳಸಿದೆವೆಂಬುದನ್ನು ತಿಂಗಳು ತಿಂಗಳೂ ತಿಳಿಸಬೇಕೆಂದಿತು. ಶುದ್ಧಿಮಾಡಿ ಬಿಡುವವನಿಗೆ ಕರದಲ್ಲಿ ಸೋಡಿಯೂ ಇತ್ತು. ದಿನಕ್ಕೆ 10 ಕಿಲೋಲೀಟರಿಗಿಂತ ಕಡಮೆ ನೀರು ಬಳಸುವ ಸಣ್ಣ ಉದ್ಯಮಕ್ಕೆ ಮುಂದೆ ವಿನಾಯಿತಿ ದೊರೆತುದರಿಂದ ನಮ್ಮ ತಾಲ್ಲೂಕಿನ ಬಹುಪಾಲು ಅದರಿಂದ ಹೊರಗೇ ಉಳಿಯಿತೆನ್ನಬೇಕು. 2017ರಲ್ಲಿ ಹೊಸ ತೆರಿಗೆಯ ವ್ಯವಸ್ಥೆ ಬಂದಾಗ ಆ ಕರವೇ ಅಳಿಯಿತು. ಹೆಚ್ಚು ಬಾಳಿದ್ದು 1992ರ ಮಾರ್ಚಿಯಲ್ಲಿ ಹೊರಟ ಇನ್ನೊಂದು ಅಧಿಸೂಚನೆ. ಅದರಂತೆ ಮಂಡಳಿಯ ಸಮ್ಮತಿಯನ್ನು ಪಡೆದ ಉದ್ಯಮವು ಪ್ರತಿವರ್ಷ ಐದನೆಯ ನಮೂನೆಯಲ್ಲಿ ಪರಿಸರ ವಿವರಪತ್ರವನ್ನು ಸಲ್ಲಿಸಬೇಕು. ಅದಕ್ಕೆ ಈಗ ಸೆಪ್ಟೆಂಬರ್ 30 ಗಡುವು. ಆ ನಮೂನೆಯಲ್ಲಿ ಕಚ್ಚಾಸಾಮಾನು ಎಷ್ಟು, ನೀರು ಎಷ್ಟು, ತಯಾರಾದ ಸಾಮಾನು ಎಷ್ಟು, ಹೊರಬಿಟ್ಟ ಕಲ್ಮಷ ದಿನಕ್ಕೆ ಎಷ್ಟು, ನಿಗದಿಯಾದ ಮಾನದಂಡವನ್ನು ಎಷ್ಟು ಮೀರಿದೆ, ಏಕೆ ಮೀರಿತು ಎಂಬುದೆಲ್ಲವೂ ಒಂದೇ ಕಾಗದದ ಮೇಲೆ ಬರುತ್ತದೆ. ಹುಣಸೂರಿನ ಕಮಿಸರಿಯಟ್ಟಿನವರು ಮುಚ್ಚಿದ ಪುಸ್ತಕದಲ್ಲಿ ಇಲ್ಲದಿದ್ದ ಕಲಮು, ಆ ಪುಸ್ತಕ ಮುಚ್ಚಿದ 128 ವರ್ಷಗಳ ಅನಂತರ ಹೀಗೆ ತೆರೆಯಿತು. ಸಕ್ಕರೆ, ಚರ್ಮ, ಸಾರಾಯಿ ಮುಂತಾದ 17 ಬಗೆಯ ಭಾರೀ ಕಲ್ಮಷದ ಉದ್ಯಮಗಳು ತಮ್ಮ ನೀರಿನ ಅಳತೆಯನ್ನು ಯಂತ್ರದ ಮೂಲಕ ಎಡೆಬಿಡದೆ ಮಂಡಳಿಗೆ ಕಳುಹಿಸುತ್ತಿರಬೇಕೆಂಬ ಆಜ್ಞೆ 2014ರಲ್ಲಿ ಬಂದಿತು.

ಇಷ್ಟೆಲ್ಲ ಆದ ಮೇಲೂ, 2018ರಲ್ಲಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯು ದೇಶದಲ್ಲಿ ಕೆಟ್ಟುಹೋದ ನದೀಭಾಗಗಳೆಂದು ಗುರುತಿಸಿದ 351ರಲ್ಲಿ, ಕರ್ನಾಟಕಕ್ಕೆ ಸೇರಿದ 17ರಲ್ಲಿ, ಹುಣಸೂರಿನಿಂದ ಕಟ್ಟೆಮಳಲವಾಡಿಯವರೆಗಿನ ಲಕ್ಷ್ಮಣತೀರ್ಥವೂ ಇತ್ತು. ಹೆಗ್ಗಡದೇವನಕೋಟೆಯಿಂದ ಇಳಿದುಹೋದ ಕಬಿನಿಯು ನಂಜನಗೂಡಿನ ಬಳಿಯಲ್ಲಿ ಅದೇ ಪಟ್ಟಿಯನ್ನು ಸೇರಿತ್ತು. ಕಟ್ಟೆಮಳಲವಾಡಿಯ ಹಳೆಯ ಕಟ್ಟೆಯಿಂದ ಮುಂದೆ ಲಕ್ಷ್ಮಣತೀರ್ಥವು ಸಾಗರಕಟ್ಟೆಯ ಬಳಿ ಕೃಷ್ಣರಾಜಸಾಗರದ ಹಿನ್ನೀರಿನಲ್ಲಿ ಕಾವೇರಿಯೊಡನೆ ಬೆರೆಯುತ್ತದೆ. ಮೈಸೂರು ನಗರವು ಕುಡಿಯುವುದು ಆ ಸಾಗರದ ನೀರನ್ನು ಮತ್ತು ಕಬಿನಿಯ ನೀರನ್ನು. ಬೆಂಗಳೂರು ಕುಡಿಯುವುದು ಅದೇ ಕಾವೇರಿಯನ್ನು, ಇನ್ನೂ ಕೆಳಗೆ.

ಆದುದರಿಂದ ಓದುಗರಲ್ಲಿ ನನ್ನದೊಂದು ಬಿನ್ನಹವುಂಟು. 1974ರ ಕಾಯಿದೆಯ 25ನೆಯ ಕಲಮಿನ ಆರನೆಯ ಉಪವಿಧಿಯಂತೆ, ಯಾವ ಕಾರ್ಖಾನೆಗೆ ಯಾವ ಷರತ್ತಿನ ಮೇಲೆ ನೀರು ಬಿಡಲು ಸಮ್ಮತಿ ಕೊಟ್ಟಿದೆಯೆಂಬ ವಿವರದ ರಿಜಿಸ್ಟರನ್ನು ರಾಜ್ಯ ಮಂಡಳಿಯು ಇಟ್ಟಿರಬೇಕು. ಆ ನೀರಿನಿಂದ ಬಾಧೆಗೊಳಗಾಗುವ ಯಾವ ವ್ಯಕ್ತಿಯೇ ಆಗಲಿ, ಯುಕ್ತವಾದ ವೇಳೆಯಲ್ಲಿ ಹೋಗಿ ಅದನ್ನು ತೆರೆದು ನೋಡಬಹುದು. ಹುಣಸೂರಿನ ದಡದಲ್ಲಿ ಬಟ್ಟೆ ಒಗೆಯುವವಳಿಗೆ ಆ ಹಕ್ಕು ಇದೆ, ಕಟ್ಟೆಮಳಲವಾಡಿಯ ನಾಲೆಯಿಂದ ಗದ್ದೆಗೆ ನೀರು ಹಾಯಿಸುವವನಿಗೆ ಇದೆ, ಮೈಸೂರಿನಲ್ಲಿ ನಲ್ಲಿ ತಿರುಗಿಸುವ ನಮಗೂ ಇದೆ. ಮಂಡಳಿಯ ಕಚೇರಿಗೆ ಹೋಗಿ ಆ ಪುಸ್ತಕವನ್ನು ಕೇಳಿ.